ಎಡಕ್ಕೆ ವಾಲಿದ ಎಂಟು ತಿಂಗಳು

ಅವತ್ತು ನಾನು ದಢೇಸುಗೂರಿನಲ್ಲಿ ಸ್ಲ್ಯಾಬ್ ಹಾಕುತ್ತಿದ್ದೆ. ಮುಂಜಾನೆ ಒಂಬತ್ತಕ್ಕೆ ಕಾಂಕ್ರೀಟ್ ಕಲಸುವ ಮಷೀನು ಚಾಲೂ ಆಗಿತ್ತು. ಹತ್ತೂವರೆ ಸುಮಾರಿಗೆ ಮಸ್ಕಿಯ ಮನೆಯಿಂದ ನನ್ನ ಹೆಂಡತಿ ಫೋನು ಮಾಡಿದಳು. ಎಡಗೈ ಜೋಮು ಹಿಡಿದಂಗ ಆಗೈತಿ, ಕಾಲಾಗ ಚಪ್ಪಲಿ ನಿಲ್ಲವಲ್ದು ಅಂದಳು. ಮಾತು ಸ್ಪಷ್ಟ ಇತ್ತು, ದನಿಯಲ್ಲಿ ಅಳು ಇರಲಿಲ್ಲ. ಎಣ್ಣೆ ತಿಕ್ಕಿಕೊಂಡು ಸ್ವಲ್ಪ ಅಡ್ಡಾಗು, ಸ್ಲ್ಯಾಬ್ ಮುಗಿಸಿ ಬರುತ್ತೇನೆ ಅಂದೆ.

ಗೌಂಡಿ ಕೆಲಸ ಬಲ್ಲವರಿಗೆ ಇದು ತಿಳಿಯುತ್ತದೆ. ಸ್ಲ್ಯಾಬನ್ನು ಅರ್ಧಕ್ಕೆ ನಿಲ್ಲಿಸಿದರೆ ಒಣಗಿದ ಅರ್ಧ, ಹಸಿ ಅರ್ಧ ಎರಡೂ ಒಂದಾಗುವುದಿಲ್ಲ. ಮುಂದೆ ಮಳೆ ಬಂದಾಗ ಅದೇ ಗೆರೆ ಹಿಡಿದು ನೀರು ಇಳಿಯುತ್ತದೆ. ನಾನು ಹಾಕಿದ ಒಂದು ಸ್ಲ್ಯಾಬೂ ಇಲ್ಲಿಯವರೆಗೆ ಸೋರಿಲ್ಲ, ಸಿಂಧನೂರು ತಾಲೂಕಿನಲ್ಲಿ ಯಾರನ್ನು ಬೇಕಾದರೂ ಕೇಳಿ. ಮೂರಕ್ಕೆ ಕೆಲಸ ಮುಗಿಯಿತು. ಮತ್ತೊಮ್ಮೆ ಮೇಲೆ ಹತ್ತಿ ಅಂಚುಗಳನ್ನು ನೋಡಿ, ಕೈಕಾಲು ತೊಳೆದು, ಗಾಡಿ ಹೊಡೆದುಕೊಂಡು ಮನೆ ಮುಟ್ಟಿದಾಗ ನಾಲ್ಕೂವರೆ. ಆಕೆ ಅಡುಗೆಕಟ್ಟೆಯ ಬುಡದಲ್ಲಿ ಎಡಮಗ್ಗುಲಾಗಿ ಬಿದ್ದಿದ್ದಳು. ಬಾಯಿ ಒಂದು ಕಡೆ ಎಳೆದಿತ್ತು.

ಸಿಂಧನೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು ಯಾವಾಗ ಶುರುವಾಯಿತು ಎಂದು. ಹತ್ತೂವರೆಗೆ ಅಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಹೆಪ್ಪು ಕರಗಿಸುವ ಇಂಜೆಕ್ಷನ್ ಒಂದಿದೆ, ಅದನ್ನು ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು, ಆ ಹೊತ್ತು ದಾಟಿದೆ ಎಂದು ಹೇಳಿ ಮುಂದಿನ ಕೆಲಸಕ್ಕೆ ತೊಡಗಿದರು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ತಲೆಯ ಬಲಭಾಗದಲ್ಲಿ ರಕ್ತ ಕಟ್ಟಿತ್ತು. ಅದಕ್ಕೆ ಎಡಗೈ, ಎಡಗಾಲು ಎರಡೂ ಹೋದವು. ಮಾತು ಉಳಿಯಿತು. ಹನ್ನೆರಡು ದಿನ ಅಲ್ಲಿದ್ದೆವು. ಆಸ್ಪತ್ರೆಯ ಆಯಾ ಮಂಚದ ಮೇಲೆಯೇ ಮಲಮೂತ್ರದ ತಟ್ಟೆ ಇಟ್ಟು ಎಲ್ಲ ಮುಗಿಸುತ್ತಿದ್ದಳು. ಆ ಹೊತ್ತಿನಲ್ಲಿ ನನ್ನ ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಿರುತ್ತಿದ್ದಳು. ಮನೆಗೆ ಹೊರಡುವ ದಿನ ಆಕೆ ನನಗೆ ಹೇಳಿದ್ದು ಒಂದೇ ಮಾತು. "ಕೈ ಬರದಿದ್ರ ಬಿಡ್ಲಿ. ಸಂಡಾಸಕ್ಕ ನನ್ನಷ್ಟಕ್ಕ ನಾನು ಹೋಗಿ ಬರೂ ಹಂಗ ಮಾಡ್ರಿ. ಬ್ಯಾರೆ ಏನೂ ಕೇಳಂಗಿಲ್ಲ ನಿಮ್ಮನ್ನ."

ಮಾಡ್ತೀನಿ ಅಂದೆ. ಅದೇನು ದೊಡ್ಡ ಕೆಲಸ ಅನ್ನಿಸಿತ್ತು.

ಮಗಳು ಗಂಡನ ಮನೆಯಿಂದ ಬಂದು ಇಪ್ಪತ್ತು ದಿನ ಇದ್ದಳು. ಆಕೆಗೂ ಎರಡು ಸಣ್ಣ ಕೂಸುಗಳು. ಇನ್ನೊಂದು ತಿಂಗಳು ಇರುತ್ತೇನೆ ಅಂದವಳನ್ನು ನಾನೇ ಬಸ್ಸು ಹತ್ತಿಸಿ ಕಳಿಸಿದೆ. ಹೆಣ್ಣುಮಕ್ಕಳ ಕೆಲಸ ಅಪ್ಪಾ ನಿನಗ ಆಗಂಗಿಲ್ಲ ಅಂದಳು. ಮಂದಿಗೆ ಮನೆ ಕಟ್ಟಿಕೊಟ್ಟವನಿಗೆ ಮನೆಯಾಕೆಯನ್ನು ನೋಡಿಕೊಳ್ಳುವುದು ಬರುವುದಿಲ್ಲವೇ ಎಂದು ಗತ್ತಿನಿಂದ ಹೇಳಿದೆ. ಏಳನೇತ್ತಕ್ಕೆ ಸಾಲಿ ಬಿಟ್ಟು ಕರಣಿ ಹಿಡಿದವನು ನಾನು. ಯಾರೂ ಕೂರಿಸಿ ಕಲಿಸಿದ್ದಿಲ್ಲ. ನೋಡಿ ನೋಡಿ ಕಲಿತವನಿಗೆ ಇದೂ ಬರುತ್ತದೆ ಅಂದುಕೊಂಡಿದ್ದೆ.

ಕಟ್ಟಡದ ಕೆಲಸದ ಹಾಗೆಯೇ ಇದನ್ನೂ ನಡೆಸಿದೆ. ಆಸ್ಪತ್ರೆಯವರು ಹಾಳೆಯಲ್ಲಿ ಚಿತ್ರ ಹಾಕಿ ವ್ಯಾಯಾಮ ಕೊಟ್ಟಿದ್ದರು. ಅದನ್ನು ಮಂಚದ ಪಕ್ಕದ ಗೋಡೆಗೆ ಪೆನ್ಸಿಲಿನಲ್ಲಿ ಬರೆದುಕೊಂಡೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಎಡಪಾದ ಕೆಳಗೆ ಜೋತುಬೀಳದಂತೆ ಅಡಿಗೆ ದಿಂಬು. ಮುಷ್ಟಿ ಬಿಗಿದುಕೊಳ್ಳದಂತೆ ಅಂಗೈಯಲ್ಲಿ ಸುತ್ತಿದ ಟವೆಲ್ಲು. ಬೆರಳು, ಮಣಿಕಟ್ಟು, ಮೊಣಕೈ, ಭುಜ, ಒಂದೊಂದನ್ನೂ ಹತ್ತು ಹತ್ತು ಸಲ ಮಡಿಚಿ ಬಿಡಿಸುವುದು. ಹತ್ತು ಎಂದಿದ್ದುದನ್ನು ನಾನು ಇಪ್ಪತ್ತು ಮಾಡಿದೆ. ಹೊಸ ಗೋಡೆಗೆ ನೀರು ಹೆಚ್ಚು ಉಣಿಸಿದಷ್ಟೂ ಗಟ್ಟಿ, ಇದೂ ಹಂಗೇ ಎಂಬುದು ನನ್ನ ಲೆಕ್ಕ.

ಅಡುಗೆ ಕಲಿತೆ. ಅನ್ನ, ಬ್ಯಾಳಿ, ಮೆಂತೆಪಲ್ಯ. ರೊಟ್ಟಿ ಮಾತ್ರ ಖಾನಾವಳಿಯಿಂದ. ಆಕೆ ತಟ್ಟೆಯಲ್ಲಿ ಯಾವಾಗಲೂ ಅರ್ಧ ಬಿಡುತ್ತಿದ್ದಳು. ಪಲ್ಯ ಇಟ್ಟ ಜಾಗದಲ್ಲಿ ಹಾಗೇ ಇರುತ್ತಿತ್ತು. ನನ್ನ ಕೈರುಚಿ ಸೇರುವುದಿಲ್ಲ ಎಂದು ನಾಲ್ಕು ದಿನ ಸಿಟ್ಟು ನುಂಗಿದೆ. ಐದನೆಯ ದಿನ, ಪಲ್ಯ ಮಾಡಾಕ ಒಂದು ತಾಸು ಹಿಡಿದೈತಿ, ತಿನ್ನಾಕ ಏನು ಧಾಡಿ ಅಂತ ಬೈದೇಬಿಟ್ಟೆ. ಆಕೆ ತಟ್ಟೆ ನೋಡಿ, ಯಾವ ಪಲ್ಯ ಅಂತ ಕೇಳಿದಳು. ತಮಾಷೆ ಮಾಡುತ್ತಾಳೆ ಅಂದುಕೊಂಡು ಎದ್ದುಹೋದೆ. ಮರುದಿನ ಸ್ನಾನ ಆದ ಮೇಲೆ ತಾನೇ ಬಲಗೈಯಿಂದ ವಿಭೂತಿ ಹಚ್ಚಿಕೊಂಡಳು. ಮೂರು ಗೆರೆ ಹಣೆಯ ನಟ್ಟನಡುವೆ ಬಂದು ಕತ್ತರಿಸಿದ ಹಾಗೆ ನಿಂತುಬಿಟ್ಟಿದ್ದವು. ಎಡ ಹಣೆ ಬರಿದು. ಆಗ ತಟ್ಟೆ ನೆನಪಾಯಿತು. ಎಡಗಡೆ ಎಂಬುದೇ ಆಕೆಯ ಪಾಲಿಗೆ ಇರಲಿಲ್ಲ. ಕಣ್ಣು ಕಾಣುತ್ತಿತ್ತು, ಮನಸ್ಸು ಆ ಕಡೆ ಹೋಗುತ್ತಿರಲಿಲ್ಲ. ಅವತ್ತಿನಿಂದ ಊಟದ ನಡುವೆ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿ ಇಡಲು ಶುರುಮಾಡಿದೆ.

ನೋಡಲು ಬಂದವರೆಲ್ಲ ಡಾಕ್ಟರೇ ಆದರು. ಒಬ್ಬರು ಪಾರಿವಾಳದ ರಕ್ತ ತಿಕ್ಕಿ ಅಂದರು. ನಾವು ಕೊರಳಲ್ಲಿ ಲಿಂಗ ಕಟ್ಟಿದವರು ಅಂದರೆ, ಹಚ್ಚೂದಲ್ಲೇನು, ತಿನ್ನಂತ ಹೇಳಿಲ್ಲಲ್ಲ ಅಂದರು. ಚಹಾ ಕುಡಿದು ಹೋಗುವವರು ಬಾಗಿಲಲ್ಲಿ ನಿಂತು, ಒಂದ್ ತಿಂಗಳದಾಗ ಎದ್ದು ಓಡಾಡಿದವರನ್ನ ನಾ ನೋಡೀನಿ ಎನ್ನುವರು. ಅಂಥ ಮಾತು ಆಡಿದವರ ಕೈಗೆ ಮುಂದಿನ ಸಲ ನಾನು ಚಹಾ ಕೊಡಲಿಲ್ಲ.

ಇದೆಲ್ಲ ತಡೆದುಕೊಳ್ಳಬಹುದು. ನನ್ನನ್ನು ಸೋಲಿಸಿದ್ದು ಆಕೆಯನ್ನು ಕೂಡಿಸುವ ಕೆಲಸ.

ಮಂಚದ ಅಂಚಿಗೆ ಕೂಡಿಸಿದರೆ ಎಡಕ್ಕೆ ವಾಲುತ್ತಿದ್ದಳು. ಬಲವಿಲ್ಲದ ಕಡೆ ವಾಲುವುದು ಸಹಜ ಎಂದುಕೊಂಡು ಭುಜ ಹಿಡಿದು ನೆಟ್ಟಗೆ ಮಾಡುತ್ತಿದ್ದೆ. ಆಕೆ ಚಲೋ ಇದ್ದ ಬಲಗೈಯನ್ನು ಹಾಸಿಗೆಗೆ ಊರಿ ನನ್ನ ವಿರುದ್ಧ ತಳ್ಳುತ್ತಿದ್ದಳು. ನಾನು ಬಲಕ್ಕೆ ಒತ್ತಿದಷ್ಟೂ ಆಕೆ ಎಡಕ್ಕೆ ಒತ್ತುವಳು. ಸಿಮೆಂಟ್ ಚೀಲ ಒಂದೇ ಏಟಿಗೆ ಹೆಗಲಿಗೇರಿಸುವ ನನಗೆ, ಐವತ್ತು ಕಿಲೋ ತೂಗದ ಹೆಂಗಸನ್ನು ನೆಟ್ಟಗೆ ಕೂಡಿಸಲು ಆಗಲಿಲ್ಲ.

"ನೆಟ್ಟಗ ಕುಂದ್ರು," ಅನ್ನುತ್ತಿದ್ದೆ.

"ನೆಟ್ಟಗ ಅದೀನಲ್ರಿ."

"ಎಲ್ಲಿ ನೆಟ್ಟಗ? ಗ್ವಾಡಿ ನೋಡು, ನಿನ್ನ ನೋಡ್ಕೊ."

"ನೀವ ನನ್ನ ಬಲಕ್ಕ ಕೆಡವಾಕತ್ತೀರಿ. ಕೈ ತಗೀರಿ, ಬೀಳ್ತೀನಿ."

ಎರಡು ತಿಂಗಳು ಇದೇ ಮಾತು, ಇದೇ ಕುಸ್ತಿ. ಹಟ ಎಂದೇ ತಿಳಿದೆ. ಮೊದಲಿನಿಂದಲೂ ಹಟದ ಹೆಣ್ಣು. ಹಟಕ್ಕೆ ಹಟ ಎಂದು ಅಂಗಳದಲ್ಲಿ ಎರಡು ಕಬ್ಬಿಣದ ಪೈಪು ಹುಗಿದು, ನಡುವೆ ನಿಂತು ಹಿಡಿದುಕೊಂಡು ನಡೆಯಲು ದಾರಿ ಮಾಡಿದೆ. ಮಟ್ಟ ನೋಡುವ ಗುಳ್ಳೆಯ ರಸಮಟ್ಟ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ಏರುಪೇರಿಲ್ಲ. ಇನ್ನೂ ನೆಟ್ಟಗೆ ಕೂಡಲು ಬಾರದವಳನ್ನು ಮೂರನೆಯ ತಿಂಗಳು ಅದರ ನಡುವೆ ನಿಲ್ಲಿಸಿದೆ. ಪಾಯ ಹಾಕದೆ ಗೋಡೆ ಎಬ್ಬಿಸಿದ ಹಾಗೆ. ಬೇರೆ ಗೌಂಡಿ ಯಾರಾದರೂ ಹೀಗೆ ಮಾಡಿದ್ದರೆ ನಕ್ಕುಬಿಡುತ್ತಿದ್ದೆ.

ಬಲಗೈಗೆ ಪೈಪು ಸಿಕ್ಕಿದ್ದೇ ತಡ, ಅದನ್ನು ಒತ್ತಿ ಎಡಕ್ಕೆ ತಳ್ಳಿಕೊಂಡಳು. ಬೀಳುವುದನ್ನು ಕಂಡು ನಾನು ಕೈಗೆ ಸಿಕ್ಕಿದ್ದನ್ನು ಹಿಡಿದು ಜಗ್ಗಿದೆ. ಸಿಕ್ಕಿದ್ದು ಎಡಗೈ. ನೆಲಕ್ಕೆ ಬೀಳಲಿಲ್ಲ, ಆದರೆ ಭುಜದ ಕೀಲು ಬಿಟ್ಟಿತು. ಸಂಜೆಯ ಹೊತ್ತಿಗೆ ಊದಿಕೊಂಡಿತು. ಮುಟ್ಟಿದರೆ ಕೂಗುವಳು. ಗೋಡೆಯ ಮೇಲೆ ಬರೆದಿದ್ದ ವ್ಯಾಯಾಮಗಳೆಲ್ಲ ಅಲ್ಲಿಗೇ ನಿಂತವು.

ಲಿಂಗಸುಗೂರಿನಲ್ಲಿ ಫಿಸಿಯೋಥೆರಪಿ ಮಾಡುವ ಒಬ್ಬ ಡಾಕ್ಟರಮ್ಮ ಇದ್ದಾರೆ ಎಂದು ಔಷಧ ಅಂಗಡಿಯವರು ಹೇಳಿದರು. ಬಸ್ಸಿನಲ್ಲಿ ಆಗದ ಮಾತು. ಆಟೋದಲ್ಲಿ ದಿಂಬು ತುಂಬಿ, ಆಕೆಯನ್ನು ನಡುವೆ ಕೂಡಿಸಿಕೊಂಡು ಹೋದೆ. ಡಾಕ್ಟರಮ್ಮ ನನ್ನ ಮಗಳಿಗಿಂತ ಸಣ್ಣ ವಯಸ್ಸಿನವರು. ಭುಜದ ಎಲುಬಿನ ಕೆಳಗೆ ಬೆರಳಿಟ್ಟು ನನ್ನ ಬೆರಳನ್ನೂ ಅಲ್ಲಿಡಿಸಿದರು. ಒಂದು ಬೆರಳು ಹಿಡಿಯುವಷ್ಟು ಸಂದು.

"ಯಜಮಾನ್ರ, ಇದು ಬಾಗಿಲ ಹಿಡಿಕಿ ಅಲ್ರಿ, ಹಿಡದು ಜಗ್ಗಾಕ," ಅಂದರು. "ಸ್ನಾಯು ಸತ್ತಾಗ ಕೈ ತನ್ನ ಭಾರಕ್ಕ ತಾನ ಜೋತಾಡ್ತಿರತೈತಿ. ಅದನ್ನ ನೀವು ಇನ್ನಷ್ಟು ಜಗ್ಗೀರಿ."

ನನಗೆ ಯಾರೂ ಹೀಗೆ ಮುಖಕ್ಕೆ ಹೇಳಿ ಬಹಳ ವರ್ಷ ಆಗಿತ್ತು. ಮೇಸ್ತ್ರಿಗೆ ಯಾರು ಹೇಳುತ್ತಾರೆ? ಅವರು ಆಕೆಯನ್ನು ಸ್ಟೂಲಿನ ಮೇಲೆ ಕೂಡಿಸಿದರು, ಆಕೆ ವಾಲಿದಳು, ಅವರು ಒಂದು ಬೆರಳಿನಿಂದ ಬಲಕ್ಕೆ ಒತ್ತಿದರು, ಆಕೆ ಎಂದಿನಂತೆ ತಳ್ಳಿದಳು. ನೋಡ್ರಿ, ಈ ಹಟ ನೋಡ್ರಿ ಅಂದೆ ನಾನು.

ಹಟ ಅಲ್ಲ ಅಂದರು ಡಾಕ್ಟರಮ್ಮ. ನೆಟ್ಟಗೆ ಯಾವುದು ಎಂದು ಮೈಗೆ ತಿಳಿಸುವ ಜಾಗಕ್ಕೇ ಪೆಟ್ಟು ಬಿದ್ದಿದೆ. ಎಡಕ್ಕೆ ವಾಲಿದಾಗ ಆಕೆಗೆ ನೆಟ್ಟಗೆ ಕೂತ ಹಾಗೆ ಅನಿಸುತ್ತದೆ. ನೀವು ನೆಟ್ಟಗೆ ಮಾಡಿದಾಗ ಬಲಕ್ಕೆ ಬೀಳುತ್ತಿದ್ದೇನೆ ಅನಿಸುತ್ತದೆ. ಬೀಳುವ ಯಾರೇ ಆಗಲಿ ಕೈ ಊರಿ ತಡೆಯುವುದಿಲ್ಲವೇ? ಆಕೆ ಮಾಡುತ್ತಿರುವುದು ಅಷ್ಟೇ.

ಈ ಮಾತು ನನಗೆ ಅಲ್ಲೇ ತಿಳಿಯಿತು. ನಮ್ಮ ಕೆಲಸದಲ್ಲಿ ರಸಮಟ್ಟ ಒಮ್ಮೆ ಮೇಲಿನಿಂದ ಬಿದ್ದರೆ ಅದರೊಳಗಿನ ಗುಳ್ಳೆ ಸುಳ್ಳು ಹೇಳಲು ಶುರುಮಾಡುತ್ತದೆ. ಸೊಟ್ಟ ಗೋಡೆಯ ಮೇಲೆ ಇಟ್ಟರೂ ಗುಳ್ಳೆ ನಡುವೆ ನಿಲ್ಲುತ್ತದೆ. ಕಟ್ಟುವವನು ನೆಟ್ಟಗೆ ಇದೆ ಎಂದೇ ಕಟ್ಟುತ್ತಾ ಹೋಗುತ್ತಾನೆ. ಅವನ ಜೊತೆ ಜಗಳ ಆಡಿ ಫಲವಿಲ್ಲ.

ತಿಳಿದದ್ದೇನೋ ತಿಳಿಯಿತು. ಆದರೆ ಡಾಕ್ಟರಮ್ಮ ಹೇಳಿದ ಉಪಾಯ ಗಂಟಲಲ್ಲಿ ಇಳಿಯಲಿಲ್ಲ. ಹಿಡಿಯಬೇಡಿ, ಒತ್ತಬೇಡಿ ಅಂದರು. ಬಲಗಡೆ ಗೋಡೆ ಇರುವಂತೆ ಕೂಡಿಸಿ, ಎಡಗಡೆ ಮೆತ್ತಗೆ ಹಾಸಿ, ಕೈಬಿಡಿ. ಬಿದ್ದರೆ ಹಾಸಿಗೆ ಮೇಲೆ ಬೀಳಲಿ. ನೀವು ಹಿಡಿದುಕೊಂಡಿರುವ ತನಕ ಆಕೆಯ ಮೆದುಳಿಗೆ ತಾನು ವಾಲಿದ್ದು ಗೊತ್ತಾಗುವುದೇ ಇಲ್ಲ ಎಂದರು. ಆಗಲಿ ಅಂದು ಬಂದೆ. ಎಡಗೈಯನ್ನು ಕೊರಳಿಗೆ ತೂಗುಹಾಕುವ ಜೋಳಿಗೆಪಟ್ಟಿ ಕಟ್ಟಿ ಮೂರು ವಾರ ನೋವು ಇಳಿಯುವ ತನಕ ಕಾದೆ. ಮತ್ತೆ ಕೂಡಿಸಲು ಶುರುಮಾಡಿದಾಗ ಹತ್ತು ದಿನ ಹಿಡಿದುಕೊಂಡೇ ಕೂಡಿಸಿದೆ. ಕಣ್ಣೆದುರು ಬೀಳುವವಳನ್ನು ಬಿಡು ಎಂದರೆ ಹೇಗೆ ಬಿಡುವುದು? ಒಂದು ಸಲ ಕರೆದವಳನ್ನು ಆರು ತಾಸು ಕಾಯಿಸಿ ನೆಲಕ್ಕೆ ಬೀಳಲು ಬಿಟ್ಟವನು ನಾನು.

ಹತ್ತನೆಯ ದಿನ ಮಧ್ಯಾಹ್ನ ಆಕೆಯೇ ಈ ಹಿಡಿದಾಟ ಮುಗಿಸಿದಳು. ನಾನು ಬಗಲಿಗೆ ಕೈಹಾಕಿ ಹಿಡಿದಿದ್ದೆ. ಕೈ ತಗೀರಿ ಅಂದಳು. ಬೀಳ್ತೀಯ ಅಂದೆ. ಡಾಕ್ಟರಮ್ಮ ಏನ್ ಹೇಳ್ಯಾಳ ಅಂದಳು. ಆಕಿ ಹೇಳ್ತಾಳ, ಬಿದ್ರ ಎತ್ತಾಕ ಲಿಂಗಸುಗೂರಿಂದ ಬರ್ತಾಳೇನು ಅಂದೆ.

"ಅವತ್ತ ಸ್ಲ್ಯಾಬ್ ಬಿಟ್ಟು ಬರಲಿಲ್ಲ ನೀವು," ಅಂದಳು. "ಇವತ್ತ ನನ್ನ ಬಿಡವಲ್ರಿ. ಬಿಡೂ ಹೊತ್ತು ಯಾವ್ದು, ಹಿಡಿಯೂ ಹೊತ್ತು ಯಾವ್ದು, ಒಂದೂ ತಿಳಿವಲ್ದು ನಿಮಗ."

ನಾಲ್ಕು ತಿಂಗಳಲ್ಲಿ ಸ್ಲ್ಯಾಬಿನ ಮಾತು ಆಕೆಯ ಬಾಯಿಂದ ಬಂದದ್ದು ಅದೇ ಮೊದಲು. ಆಕೆಗೆ ಆ ತಡವಾದ ತಾಸುಗಳ ಲೆಕ್ಕ ಗೊತ್ತೇ ಇಲ್ಲ ಎಂದುಕೊಂಡಿದ್ದೆ. ಆಕೆಯನ್ನು ಮಲಗಿಸಿ ಹಿತ್ತಲಿಗೆ ಹೋಗಿ ನಿಂತೆ. ಮಾಡುವುದೇನೂ ತೋಚಲಿಲ್ಲ.

ಮರುದಿನ ಮುಂಜಾನೆ ಬೀರುವನ್ನು ಎಳೆದು ಮಂಚದ ಎದುರಿಗೆ ತಂದೆ. ಅದರ ಬಾಗಿಲಿಗೆ ಆಳೆತ್ತರದ ಕನ್ನಡಿ ಇದೆ. ಕೆಲಸದ ಚೀಲದಿಂದ ತೂಕದ ಗುಂಡು ತೆಗೆದೆ. ದಾರದ ತುದಿಗೆ ಕಟ್ಟಿದ ಹಿತ್ತಾಳೆಯ ಗುಂಡು ಅದು, ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಇಳಿಬಿಡುವುದು. ಅದನ್ನು ಬೀರುವಿನ ತಲೆಯಿಂದ ಕನ್ನಡಿಯ ನಟ್ಟನಡುವೆ ಇಳಿಬಿಟ್ಟೆ. ಮಂಚದ ಬಲಕ್ಕೆ ಗೋಡೆ. ಎಡಕ್ಕೆ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಒಟ್ಟಿದೆ. ಆಕೆಯನ್ನು ನಡುವೆ ಕೂಡಿಸಿ, ಎದುರಿಗೆ ನೆಲದ ಮೇಲೆ ಕೂತೆ. ನನ್ನ ಕೈ ತಾನಾಗಿಯೇ ಏಳುತ್ತದೆ ಎಂದು ಗೊತ್ತಿತ್ತು. ಎರಡೂ ಅಂಗೈಗಳನ್ನು ತೊಡೆ ಕೆಳಗೆ ಇಟ್ಟು ಕೂತೆ.

"ಗುಂಡು ಸೊಟ್ಟ ಐತೇನು?" ಅಂತ ಕೇಳಿದೆ.

ಮದುವೆಯಾದ ಹೊಸದರಲ್ಲಿ ನನ್ನ ಜೊತೆ ಕೂಲಿಗೆ ಬರುತ್ತಿದ್ದಳು. ಎಷ್ಟೋ ಗೋಡೆಗಳಿಗೆ ದಾರದ ತುದಿ ಹಿಡಿದವಳು. ಬಹಳ ಹೊತ್ತು ನೋಡಿದಳು.

"ಇಲ್ಲ, ನೆಟ್ಟಗೈತಿ."

"ನೀ?"

ಕನ್ನಡಿಯಲ್ಲಿ ಆಕೆಯ ಮೂಗು ದಾರದಿಂದ ಎಂಟು ಬೆರಳು ಆಚೆ ಇತ್ತು. ಆಕೆಗೆ ಕಂಡಿತು. ಹುಬ್ಬು ಗಂಟಿಕ್ಕಿದಳು. "ದಾರ ನೋಡಿದ್ರ ಸೊಟ್ಟ ಕುಂತೀನಿ. ಮೈ ಕೇಳಿದ್ರ ನೆಟ್ಟಗ ಅದೀನಿ ಅಂತೈತಿ."

"ಯಾರನ್ನ ನಂಬತಿ?"

"ನಿಮ್ಮನ್ನಂತೂ ಅಲ್ಲ," ಅಂದಳು. "ಗುಂಡು ನಂಬತೀನಿ."

ಬಲಭುಜ ಗೋಡೆಗೆ ಮುಟ್ಟಿಸಲು ಹೋದಳು. ಅರ್ಧದಲ್ಲಿ ಹೆದರಿ ಎಡಕ್ಕೆ ತಳ್ಳಿಕೊಂಡು ಕೌದಿ ಮೇಲೆ ಬಿದ್ದಳು. ಎತ್ತಿ ಕೂಡಿಸಿ ಮತ್ತೆ ಕೈ ತೊಡೆ ಕೆಳಗೆ ಇಟ್ಟೆ. ಮತ್ತೆ ಬಿದ್ದಳು. ಆ ದಿನ ಎಷ್ಟು ಸಲ ಎಂದು ಗೋಡೆಗೆ ಬರೆಯಲಿಲ್ಲ. ಇದನ್ನು ಓದಿ ಸುಲಭವಾಗಿ ಆಯಿತು ಎಂದು ಯಾರೂ ತಿಳಿಯಬಾರದು. ಒಂದು ವಾರದಲ್ಲಿ ಎಂಟು ಬೆರಳು ಏಳಾಯಿತು. ಅದರ ಮುಂದಿನ ವಾರ ಮತ್ತೆ ಎಂಟು. ಬೀರು ಒಡೆದುಹಾಕಬೇಕು ಅನಿಸಿತು. ಡಾಕ್ಟರಮ್ಮನಿಗೆ ಫೋನು ಮಾಡಿದರೆ ಬಲಕ್ಕೆ ಕೈ ಚಾಚುವ ಕೆಲಸ ಕೊಡಿ ಅಂದರು. ಗೋಡೆಯ ಪಕ್ಕ ಮೊರದಲ್ಲಿ ಶೇಂಗಾ ಇಟ್ಟೆ, ಒಂದೊಂದೇ ತೆಗೆದು ಒತ್ತಿ ಸುಲಿಯಬೇಕು. ಕೆಲಸ ಕೈಗೆ ಬಂದಾಗ ಹೆದರಿಕೆ ಮರೆತು ಬಲಕ್ಕೆ ಬಾಗುತ್ತಿದ್ದಳು. ಹಿಂಗ ಬಿಟ್ರ ಶೇಂಗಾದ ಹಿಂಡಿ ಮಾರಾಕ ಹಚ್ಚತೀರಿ ನನ್ನ ಅನ್ನುವಳು. ಐದನೆಯ ತಿಂಗಳ ಕೊನೆಗೆ ಎರಡು ಬೆರಳಿಗೆ ಬಂದಿತ್ತು. ಆರನೆಯ ತಿಂಗಳು ಬಲಗಡೆ ಗೋಡೆ ಹಿಡಿದು ನಿಂತಳು. ನಾಲ್ಕು ಕಾಲಿನ ಕೋಲು ಹಿಡಿದು ಎಡಗಾಲನ್ನು ಅರ್ಧ ಎಳೆದು, ಅರ್ಧ ಎತ್ತಿ, ಖೋಲಿಯಿಂದ ಹಿತ್ತಲ ಬಾಗಿಲಿನವರೆಗೆ ನಡೆದಳು.

ಅಲ್ಲಿಂದ ಮುಂದೆ ನನ್ನ ಕೆಲಸ. ಹೊಸ್ತಿಲನ್ನು ನಾನೇ ಇಟ್ಟಿದ್ದೆ, ನಾನೇ ಒಡೆದೆ. ಸಂಡಾಸಿನ ಎರಡು ಮೆಟ್ಟಿಲು ಕಿತ್ತು ಇಳಿಜಾರು ಮಾಡಿ ಕಾಲು ಜಾರದಂತೆ ಗೆರೆ ಎಳೆದೆ. ಕಮೋಡು ಕೂಡಿಸಿದೆ. ಬಲಗಡೆ ಗೋಡೆಗೆ ಉದ್ದಕ್ಕೂ ಪೈಪು ಬಿಗಿದು, ನೋಡು ಅಂತ ಕರೆತಂದು ತೋರಿಸಿದೆ. ಬಲಗೈಯಿಂದ ಪೈಪು ಹಿಡಿದು ಒಳಗೆ ಹೋದಳು. ಮನಸ್ಸು ತುಂಬಿತು. ಹೊರಗೆ ಬರಲು ತಿರುಗಿದಳು. ಪೈಪು ಎಡಕ್ಕಾಯಿತು.

"ಒಳಗ ಹ್ವಾದಾಕಿ ಅಲ್ಲೇ ಇರಬೇಕೇನ್ರಿ?" ಅಂದಳು.

ಹೋಗುವಾಗ ಬಲಕ್ಕಿದ್ದದ್ದು ಬರುವಾಗ ಎಡಕ್ಕಾಗುತ್ತದೆ ಎಂಬುದು ಅಷ್ಟು ಮನೆ ಕಟ್ಟಿದವನ ತಲೆಗೆ ಹೊಳೆದಿರಲಿಲ್ಲ. ಮರುದಿನ ಇನ್ನೊಂದು ಪೈಪು ತಂದೆ.

ಇಷ್ಟಾದರೂ ಆಕೆ ಕೇಳಿದ್ದು ದಕ್ಕಲಿಲ್ಲ. ಹೋಗುವುದು, ಕೂಡುವುದು, ಏಳುವುದು ಎಲ್ಲ ಬಂತು. ತೊಳೆದುಕೊಳ್ಳುವುದಕ್ಕೆ ನನ್ನನ್ನೇ ಕರೆಯಬೇಕು. ಎಡಗೈ ಇಲ್ಲ. ಬಲಗೈ ಉಣ್ಣುವ ಕೈ, ವಿಭೂತಿ ಹಚ್ಚುವ ಕೈ, ಲಿಂಗಪೂಜೆಯ ಕೈ. ಅದನ್ನು ಅಲ್ಲಿಗೆ ಒಯ್ಯಲು ಒಲ್ಲಳು. ಸಾಬೂನು ಹಚ್ಚಿ ತೊಳೆದರೆ ಆಯಿತಲ್ಲ ಅಂದೆ. ಸಾಲಗುಂದದಿಂದ ಬಂದಿದ್ದ ಆಕೆಯ ಅಕ್ಕ ನನ್ನ ಮೇಲೆಯೇ ತಿರುಗಿಬಿದ್ದಳು. "ನೀ ಮಾಡ್ತೀಯೇನಪ್ಪ, ಆ ಕೈಲೆ ತೊಳಕೊಂಡು ಅದ ಕೈಲೆ ರೊಟ್ಟಿ ಮುರೀತೀಯೇನು?" ನಾನೂ ಮಾಡುತ್ತಿರಲಿಲ್ಲ.

ಮುಂದೆ ಆದದ್ದು ನನ್ನ ಗಮನಕ್ಕೆ ತಡವಾಗಿ ಬಂತು. ನನ್ನನ್ನು ಕರೆಯುವುದು ತಪ್ಪಲಿ ಎಂದು ಆಕೆ ನೀರು ಕುಡಿಯುವುದು ಬಿಟ್ಟಿದ್ದಳು. ರಾತ್ರಿ ಊಟ ಹಸಿವಿಲ್ಲ ಎಂದು ಸರಿಸುವಳು. ಇಟ್ಟ ತಂಬಿಗೆಯ ನೀರನ್ನು ನಾನಿಲ್ಲದಾಗ ಮಂಚದ ಪಕ್ಕದ ಕಿಟಕಿಯಿಂದ ಹೊರಗೆ ಸುರಿಯುತ್ತಿದ್ದಳಂತೆ. ಉರಿಮೂತ್ರ ಆಯಿತು, ಜ್ವರ ಏರಿತು, ಸಿಂಧನೂರಿನಲ್ಲಿ ಮತ್ತೆ ನಾಲ್ಕು ದಿನ. ಮಲಗಿ ಎದ್ದವಳನ್ನು ಮರಳಿ ಕನ್ನಡಿ ಎದುರು ಕೂಡಿಸಿದರೆ ಐದು ಬೆರಳು. ಎರಡಕ್ಕೆ ಬಂದಿದ್ದದ್ದು ಐದು. ಆ ದಿನ ಆಕೆಯನ್ನು ಬೈದ ಮಾತು ಇಲ್ಲಿ ಬರೆಯುವಂಥದಲ್ಲ. ನನ್ನ ಸಿಟ್ಟು ಇಳಿದ ಮೇಲೆ, ನಿಮ್ಮ ಕೈಲೆ ತೊಳಿಸ್ಕೊಳ್ಳೂದಕಿಂತ ಜ್ವರ ಚಲೋ ಇತ್ರಿ ಅಂದಳು, ಅಷ್ಟೇ.

ನಾನು ಇಷ್ಟು ದಿನ ಅದನ್ನು ಸೇವೆ ಅಂದುಕೊಂಡಿದ್ದೆ. ಯಾವ ಗಂಡಸು ಮಾಡುತ್ತಾನೆ ಇದನ್ನು ಎಂಬ ಗರ್ವವೂ ಒಳಗೆ ಇತ್ತು, ಸುಳ್ಳು ಯಾಕೆ ಹೇಳಲಿ. ಆಕೆಗೆ ಅದು ದಿನಕ್ಕೆರಡು ಸಲ ಸಾಯುವ ಹಾಗೆ ಇತ್ತು.

ಲಿಂಗಸುಗೂರಿನಲ್ಲಿ ಒಬ್ಬ ದೊಡ್ಡ ಮನುಷ್ಯರ ಮನೆಗೆ ಟೈಲ್ಸ್ ಹಾಕಿದ್ದಾಗ ಅಲ್ಲಿನ ಸಂಡಾಸಿನಲ್ಲಿ ಪಿಚಕಾರಿ ನಳ ಕೂಡಿಸಿದ್ದು ನೋಡಿದ್ದೆ. ಒತ್ತಿದರೆ ನೀರು ಚಿಮ್ಮುತ್ತದೆ. ಶ್ರೀಮಂತರ ಶೋಕಿ ಎಂದು ಆಗ ನಕ್ಕಿದ್ದೆ. ನಳ ಜೋಡಿಸುವವನನ್ನು ಕರೆದು ಬಲಗಡೆ ಅಂಥದೊಂದು ಕೂಡಿಸಿದೆ. ಕೈ ಮುಟ್ಟಬೇಕಿಲ್ಲ, ನೀರೇ ತೊಳೆಯುತ್ತದೆ. ಮೊದಲ ಸಲ ಒತ್ತಿದಾಗ ಅಂದಾಜು ತಪ್ಪಿ ತಗಡಿನ ಮಾಡಿಗೆ ಹೊಡೆದಳು. ಹೊರಗಿದ್ದ ನನಗೆ ತಗಡಿನ ಮೇಲೆ ಮಳೆ ಬಂದ ಸಪ್ಪಳ. ಸೀರೆಯೆಲ್ಲ ತೋಯ್ದು, ತಾನೂ ತೋಯ್ದು, ಒಳಗೆ ಒಬ್ಬಳೇ ನಗುತ್ತಿದ್ದಳು. ಅಕ್ಕನಿಗೆ ಇದು ಒಪ್ಪಿತವಾಯಿತೋ ಇಲ್ಲವೋ ಗೊತ್ತಿಲ್ಲ, ನಾನು ಕೇಳಲಿಲ್ಲ.

ಮೂರು ವಾರ ಆದ ಮೇಲೆ, ಎಂಟನೆಯ ತಿಂಗಳಲ್ಲಿ, ಇನ್ನೊಂದು ಬೇಡಿಕೆ ಇಟ್ಟಳು. ಬಾಗಿಲಿಗೆ ಒಳಗಿನಿಂದ ಚಿಲಕ ಬೇಕು.

ಆಗುವುದಿಲ್ಲ ಅಂದೆ. ಒಳಗೆ ಬಿದ್ದರೆ? ಚಿಲಕ ಹಾಕಿಕೊಂಡು ಬಿದ್ದರೆ ನಾನು ಹೇಗೆ ಒಳಗೆ ಬರುವುದು? ಬಾಗಿಲು ಎಳೆದುಕೊಂಡರೆ ಸಾಲದೇ, ಯಾರು ಬರುತ್ತಾರೆ ಇಲ್ಲಿ ಅಂದೆ. ಡಾಕ್ಟರಮ್ಮನಿಗೆ ಫೋನು ಹಚ್ಚಿ ಕೊಟ್ಟೆ. ಅವರೂ ಬೇಡ ಅಂದರು. ಆಕೆ ಫೋನು ಕೆಳಗಿಟ್ಟು ನನ್ನ ಮುಖ ನೋಡಿದಳು.

"ಚಿಲಕ ಇಲ್ಲದ ಬಾಗಿಲ ಹಿಂದ ಕುಂತ್ರ, ನೀವು ಹೊರಗ ನಿಂತೀರಿ ಅಂತನ ಲೆಕ್ಕ. ಅದು ನಾನಾಗಿ ಹೋಗಿ ಬಂದಂಗ ಆಗಂಗಿಲ್ಲ."

"ಬಿದ್ರ ಬಾಗಿಲ ಒಡೀಬೇಕಾಗತೈತಿ."

"ಒಡದ್ರ ಮತ್ತ ಕಟ್ಟತೀರಿ. ಗೌಂಡಿ ಅದೀರಲ್ಲ."

ಹೊರಗಿನಿಂದ ಮೊಳೆ ಹಾಕಿ ಎತ್ತಿದರೆ ತೆರೆಯುವಂಥ ಚಿಲಕ ಮಾಡಬಹುದು. ನನಗೆ ಬರುತ್ತದೆ, ಆಕೆಗೆ ತಿಳಿಯುವುದೂ ಇಲ್ಲ. ಅಂಗಡಿಯಲ್ಲಿ ಅಂಥದ್ದನ್ನೇ ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದೆ. ಆಮೇಲೆ ಸಾದಾ ಚಿಲಕ ತಂದೆ. ನಾಲ್ಕು ಸ್ಕ್ರೂ, ಕೂತಲ್ಲಿಂದ ಬಲಗೈಗೆ ಎಟುಕುವ ಎತ್ತರಕ್ಕೆ. ಬಿಗಿಯುವಾಗ ಒಂದು ಸ್ಕ್ರೂ ಅಡ್ಡ ಹೋಯಿತು. ತೆಗೆದು ಮತ್ತೆ ಹಾಕಿದೆ.

ಆಕೆ ಕೋಲು ಊರಿಕೊಂಡು ಬಂದಳು. ಎಡಗೈ ಈಗಲೂ ಜೋಳಿಗೆಪಟ್ಟಿಯಲ್ಲೇ ಇದೆ, ಅದು ಬರುತ್ತದೆ ಎಂದು ಡಾಕ್ಟರಮ್ಮನೂ ಹೇಳುವುದಿಲ್ಲ. ಒಳಗೆ ಹೋದಳು. ಚಿಲಕ ಸರಿದ ಸಪ್ಪಳ. ನಾನು ಅಲ್ಲೇ ನಿಂತೆ.

"ಹೋಗ್ರಿ ಅತ್ತಾಗ," ಅಂದಳು ಒಳಗಿನಿಂದ. "ಬಾಗಿಲ ತೆಳಗ ನಿಮ್ಮ ಕಾಲು ಕಾಣಾಕತ್ತಾವು."

ಹಿತ್ತಲ ಕಟ್ಟೆಗೆ ಬಂದು ಕೂತೆ. ನೀರು ಚಿಮ್ಮಿದ ಸಪ್ಪಳ ಬಂತು, ನಿಂತಿತು. ಆಮೇಲೆ ಬಹಳ ಹೊತ್ತು ಏನೂ ಕೇಳಲಿಲ್ಲ. ಎರಡು ಸಲ ಎದ್ದು ನಿಂತೆ, ಎರಡು ಸಲ ಕೂತೆ. ಕೋಲು ಟೈಲ್ಸಿಗೆ ಬಡಿದ ಸದ್ದಾಯಿತು. ಬಿದ್ದಳೋ, ಎದ್ದಳೋ ತಿಳಿಯಲಿಲ್ಲ. ಎರಡೂ ಅಂಗೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡೆ. ಸ್ವಲ್ಪ ಹೊತ್ತಿಗೆ ಚಿಲಕ ತೆಗೆದ ಸಪ್ಪಳ ಕೇಳಿಸಿತು. ನಾನು ಎದ್ದು ಹೋಗಲಿಲ್ಲ.